ಏಳನೇ ಪಾಠ ಮತ್ತು ಬಚ್ಚಲಮನೆಯ ಬಾಗಿಲು

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಜೂನ್ ೯, ಬೆಳಗ್ಗೆ

ಪ್ರೀತಿಯ ಇವಳೇ,

ನಿಮ್ಮಮ್ಮನ ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆ ಎಂದು ಸ್ವೆಟರ್ ಹೆಣೆಯುವ ಕಡ್ಡಿ ತೂರಿಸುತ್ತಿದ್ದಾರೆ ಅಂದಿದ್ದೆಯಲ್ಲ, ಆ ಕಡ್ಡಿ ಬಚ್ಚಿಟ್ಟೆಯಾ? ಅವರು ಬೈದರೆ ಬೈಯಲಿ, ಬೈಯಲು ಶಕ್ತಿ ಬಂದಿದೆ ಎಂದರೆ ಮೂಳೆ ಕೂಡಿಕೊಳ್ಳುತ್ತಿದೆ ಎಂದೇ ಲೆಕ್ಕ. ನಿನ್ನ ಬೆನ್ನು ನೋವು ಹೇಗಿದೆ? ಅವರನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು. ಇದು ನಾನು ಹೇಳುತ್ತಿರುವುದಲ್ಲ, ನಮ್ಮಕ್ಕ ಹೇಳಿದ್ದು. ಅವಳು ಬಂದಿದ್ದಾಳೆ, ಆ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಮಗಳು ಚಿಲಕ ಒಂದು ಇಂಚು ಉದ್ದವಾಗಿದ್ದಾಳೆ, ನಾನು ಒಂದು ಇಂಚು ಅಗಲವಾಗಿದ್ದೇನೆ. ಫೋನಿನಲ್ಲೇ ಹೇಳಿಬಿಡೋಣ ಎಂದರೆ ನೀನು ಅಮ್ಮ ಮಲಗಿದ್ದಾರೆ ಎಂದು ಪಿಸುಗುಡುತ್ತೀಯ, ನಾನು ಏನೆಂದೆ ಎಂದು ಕೇಳುವಷ್ಟರಲ್ಲಿ "ಹೂಂ, ಇಡ್ತೀನಿ" ಅನ್ನುತ್ತೀಯ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು, ನಡುವೆ ಎದ್ದು ಹೋಗಬೇಡ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಮದುವೆಯಾದ ಎಂಟನೇ ದಿನ, ನೀನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ನಿಮ್ಮಮ್ಮ ನನ್ನ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತ ನನಗೆ ಒಂದು ಕಥೆ ಹೇಳಿದ್ದರು. ನೀನು ಹುಡುಗಿಯಾಗಿದ್ದಾಗಿನ ಕಥೆ. "ಯಾರಿಗೂ ಹೇಳಬೇಡಿ, ಅವಳಿಗೆ ಇಷ್ಟವಾಗಲ್ಲ" ಎಂದು ಕೊನೆಗೆ ಸೇರಿಸಿದ್ದರು. ಹದಿನೇಳು ವರ್ಷ ಯಾರಿಗೂ ಹೇಳಲಿಲ್ಲ. ಮೊನ್ನೆ ಭಾನುವಾರ ಸಂಜೆ ಇಬ್ಬರಿಗೆ ಹೇಳಿಬಿಟ್ಟೆ. ಒಬ್ಬಳು ನಮ್ಮಕ್ಕ, ಇನ್ನೊಬ್ಬಳು ನಿನ್ನ ಮಗಳು. ಕೋಪ ಮಾಡಿಕೊಳ್ಳಬೇಡ. ಯಾಕೆ ಹೇಳಬೇಕಾಯಿತು ಎಂದು ಮೊದಲಿಂದ ಬರೆಯುತ್ತೇನೆ, ಆಮೇಲೆ ಬೇಕಾದರೆ ಕೋಪ ಮಾಡಿಕೊ.

ನೀನು ಹೊರಟ ದಿನ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂಬತ್ತು ಪಾಠ ಬರೆದು ಅಡುಗೆಮನೆ ಬೀರುವಿನ ಬಾಗಿಲಿಗೆ ಅಂಟಿಸಿ ಹೋದೆಯಲ್ಲ, ಹೆಣ್ಣುಮಗಳು ಹೇಗಿರಬೇಕು ಎಂದು. "ಚಿಲಕ ಕೈಕಸುಬಿನ ಶಾಲೆಗೆ ಸೇರಿ ಬೀಗದ ಕೆಲಸ ಕಲೀಬೇಕು ಅಂತ ಕುಣೀತಾಳೆ. ಸರಿ. ಆದರೆ ಮೂವತ್ತು ಹುಡುಗರ ಮಧ್ಯೆ ಒಬ್ಬಳು ಕೂರಬೇಕಾದರೆ ಮೊದಲು ಈ ಒಂಬತ್ತೂ ಬರಬೇಕು. ನೀವು ಕಲಿಸಿ. ಅಕ್ಕ ಬಂದು ನೋಡಿ 'ಆಯ್ತು' ಅಂದರೆ ನಾನು ಅರ್ಜಿಗೆ ಸಹಿ ಹಾಕ್ತೀನಿ. ಇಲ್ಲದಿದ್ದರೆ ಹೊಲಿಗೆ ತರಗತಿ" ಎಂದು ಬಸ್ಸಿನ ಕಿಟಕಿಯಿಂದಲೇ ತೀರ್ಪು ಕೊಟ್ಟೆ. ಬಸ್ಸು ಹೊರಟಿತು, ನಾನೂ ಅವಳೂ ಮುಖ ಮುಖ ನೋಡಿಕೊಂಡೆವು. ನಾನು ಬೀಗ ರಿಪೇರಿ ಮಾಡುವವನು. ಹೆಣ್ಣಾಗುವುದನ್ನು ನಾನು ಎಲ್ಲಿಂದ ಕಲಿಸಲಿ?

ಆದರೂ ಶುರು ಮಾಡಿದೆ. ಒಂದನೇ ಪಾಠ, ಹೆಜ್ಜೆ ಸದ್ದು ಕೇಳಿಸಬಾರದು. "ತೋರಿಸಿ ಅಪ್ಪಾ" ಎಂದಳು. ತೋರಿಸಿದೆ. ನನ್ನ ಜೇಬಿನಲ್ಲಿ ಹನ್ನೊಂದು ಕೀಲಿ, ಒಂದು ಅರ, ಎರಡು ಸ್ಕ್ರೂಡ್ರೈವರ್. ನಾನು ನಡೆದರೆ ಪಾತ್ರೆ ಅಂಗಡಿಯೇ ಎದ್ದು ನಡೆದ ಹಾಗೆ. ಅವಳು ಗೋಡೆಗೆ ಒರಗಿ ಕೂತು, ಥೇಟ್ ನಿನ್ನ ಹಾಗೆ ಹುಬ್ಬೇರಿಸಿ, "ಇನ್ನೊಂದ್ಸಲ" ಎಂದಳು. ಒಂದು ವಾರ ಇಡೀ ನಾನೇ ತುದಿಗಾಲಲ್ಲಿ ಓಡಾಡಿದೆ, ಮೀನಖಂಡ ಹಿಡಿದುಕೊಂಡಿತು. ಎದುರುಮನೆ ದರ್ಜಿ ಕಿಟಕಿಯಿಂದ ನೋಡಿ, "ಏನ್ರೀ, ನಿಮ್ಮ ಮನೆಗೇ ಕನ್ನ ಹಾಕ್ತಿದ್ದೀರಾ?" ಎಂದು ಕೇಳಿದ. ಆರನೇ ಪಾಠ, ಎಲ್ಲರೂ ಉಂಡ ಮೇಲೆ ಉಣ್ಣಬೇಕು. ಅವಳು ನನಗೆ ಬಡಿಸಿ ನಿಂತಳು. ನಾನು ಗುರು, ಮಾಡಿ ತೋರಿಸಬೇಕಲ್ಲ, ಅವಳಿಗೆ ಬಡಿಸಿ ನಿಂತೆ. "ನೀವು ಮೊದಲು." "ನೀನು ಮೊದಲು." ಎರಡು ತಟ್ಟೆಯೂ ಆರಿ ತಣ್ಣಗಾದವು. ಕೊನೆಗೆ ಒಂದು ಎರಡು ಮೂರು ಎಂದು ಎಣಿಸಿ ಒಟ್ಟಿಗೇ ಬಾಯಿಗೆ ಹಾಕಿಕೊಂಡೆವು. ನೀನು ದಿನಾ ಇದನ್ನು ಹೇಗೆ ಮಾಡುತ್ತೀ, ಮಾರಾಯ್ತಿ? ತಣ್ಣಗಾದ ಆಲೂಗಡ್ಡೆಗೆ ಗೋಡೆಗೆ ಬಳಿಯುವ ಸುಣ್ಣದ ರುಚಿ ಬರುತ್ತದೆ ಎಂದು ನನಗೆ ಐವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ಒಂಬತ್ತನೇ ಪಾಠದ ಮೇಲೆ ಎಣ್ಣೆ ಚೆಲ್ಲಿ ಅಕ್ಷರ ಹರಡಿದೆ, ಅದು ಏನೋ ಎಂತೋ, ಬಿಟ್ಟಿದ್ದೇವೆ.

ಹೀಗೆ ನಾನು ತಪ್ಪು ತಪ್ಪಾಗಿ ಕಲಿಸುತ್ತಿದ್ದರೂ ಅವಳು ಸರಿಯಾಗಿಯೇ ಕಲಿತುಬಿಟ್ಟಳು. ಆ ಶಾಲೆಯ ಆಸೆ ಅಂಥದ್ದು. ನಾಲ್ಕು ವಾರದಲ್ಲಿ ನಮ್ಮ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ಮೊದಲು ಅದು ಓಡುತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅವಳ ನಗು ನಿಂತಿತು, ಮೆಟ್ಟಿಲ ಮೇಲಿನ ಧಡಧಡ ನಿಂತಿತು, ಅಂಗಡಿಗೆ ಬಂದು "ಅಪ್ಪಾ, ಈ ಬೀಗ ನಾನು ತೆಗೀಲಾ?" ಎಂದು ಪೀಡಿಸುವುದೂ ನಿಂತಿತು. ನಾನೇ ಕಲಿಸಿದ ಪಾಠ, ನಾನು ಸಂತೋಷಪಡಬೇಕಿತ್ತು. ಆದರೆ ಬೀಗ ಬಿಚ್ಚಿ ಕೂತಾಗ ಎರಡೆರಡು ಸಲ ಹಿಂದೆ ತಿರುಗಿ ನೋಡುತ್ತಿದ್ದೆ, ಅವಳು ಇದ್ದಾಳೋ ಇಲ್ಲವೋ ಎಂದು.

ಶನಿವಾರ ನಮ್ಮಕ್ಕ ಪರೀಕ್ಷೆಗೆ ಬಂದಳು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸುಗಳ ಮೇಲೆ ನರ್ಸಾಗಿ ದರ್ಬಾರು ಮಾಡಿದವಳು, ನಿನಗೆ ಹೇಳಬೇಕೇ. ನಿವೃತ್ತಿಯಾದರೂ ಧ್ವನಿಗೆ ನಿವೃತ್ತಿ ಇಲ್ಲ, ಬಾಗಿಲಲ್ಲಿ ನಿಂತು "ಇದ್ದೀರೇನೋ?" ಅಂದರೆ ದರ್ಜಿಯ ಮನೆಯಲ್ಲಿ "ಇದ್ದೀವಮ್ಮಾ" ಎಂದು ಉತ್ತರ ಬರುತ್ತದೆ. ಚಿಲಕ ನಿಶ್ಶಬ್ದವಾಗಿ ಬಂದು ಟೀ ಇಟ್ಟು ನಿಶ್ಶಬ್ದವಾಗಿ ಹೋದಳು. ಅಕ್ಕ ಎಡಗಡೆ ತಿರುಗಿ ನನ್ನ ಹತ್ತಿರ ಮಾತಾಡಿ ಬಲಗಡೆ ತಿರುಗುವಷ್ಟರಲ್ಲಿ ಕಪ್ಪು ಅಲ್ಲಿತ್ತು. "ಯಾರಿಟ್ಟಿದ್ದು?" ಎಂದು ಬೆಚ್ಚಿದಳು. ಆಮೇಲೆ ತಲೆದೂಗಿ, "ಪರವಾಗಿಲ್ವೋ, ಚೆನ್ನಾಗೇ ತಯಾರು ಮಾಡಿದ್ದೀಯ" ಎಂದಳು. ಅಂದು ರಾತ್ರಿ ಊಟಕ್ಕೆ ಕೂರುವಾಗ ಚಿಲಕ ನನ್ನ ಕಡೆ ನೋಡಿದ ನೋಟದಲ್ಲಿ ಶಾಲೆಯ ಗೇಟು ಅರ್ಧ ತೆರೆದಿತ್ತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರು ಹೇಳಿಕಳಿಸಿದರು, ಅವರ ಔಷಧಿ ಕಪಾಟಿನ ಕೀಲಿ ಒಳಗೇ ಮುರಿದಿದೆ ಎಂದು. ನಾನು ಹೋದೆ. ನಾನು ಹೋದ ಸ್ವಲ್ಪ ಹೊತ್ತಿಗೆ ಅಕ್ಕ ಸ್ನಾನಕ್ಕೆ ಹೋದಳು. ಈಗ ನೀನು ತಲೆಗೆ ಕೈ ಹಚ್ಚಿಕೊಂಡಿರುತ್ತೀ ಎಂದು ನನಗೆ ಗೊತ್ತು. ಹೌದು, ಅದೇ ಬಾಗಿಲು. ನಾಲ್ಕು ವರ್ಷದಿಂದ ನೀನು ಸರಿಮಾಡಿ ಸರಿಮಾಡಿ ಎನ್ನುತ್ತಿರುವ, ಬೀಗದವನ ಮನೆಯ ಬಚ್ಚಲ ಬಾಗಿಲು. ಒಳಗಿನ ಹಿಡಿಯನ್ನು ಸ್ವಲ್ಪ ಮೇಲೆತ್ತಿ ಆಮೇಲೆ ತಿರುಗಿಸಬೇಕು ಎಂಬುದು ನಮಗೆ ಮೂವರಿಗೆ ಮಾತ್ರ ಗೊತ್ತು. ಅಕ್ಕನಿಗೆ ಹೇಳುವುದು ಮರೆತೆ. ಸ್ನಾನ ಮುಗಿಸಿ, ಬಟ್ಟೆ ಉಟ್ಟು, ಅಕ್ಕ ಆಸ್ಪತ್ರೆಯ ಬಲದಲ್ಲಿ ತಿರುಗಿಸಿದಳು. ಹಿಡಿ ಕೈಗೇ ಬಂತು.

ನಾನು ವಾಪಸು ಬಂದಾಗ ಹನ್ನೊಂದೂ ಮುಕ್ಕಾಲು. ಬೀದಿಯ ತಿರುವಿಗೇ ಅಕ್ಕನ ಧ್ವನಿ ಕೇಳಿತು. "ಅಯ್ಯೋ, ಯಾರೂ ಇಲ್ವೇನ್ರೋ ಈ ಮನೇಲಿ! ಸತ್ತರೆ ಹೆಣ ತೆಗೆಯೋಕೂ ಬಾಗಿಲು ಒಡೀಬೇಕು! ಲೋ ಬೀಗದ ಮಾಸ್ತರ! ನಿನ್ನ ಮುಖಕ್ಕಿಷ್ಟು!" ಬಾಗಿಲು ಧಬಧಬ ಬಡಿಯುತ್ತಿದ್ದಳು. ದರ್ಜಿ ತನ್ನ ಕಿಟಕಿಯಲ್ಲಿ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ನಿಂತಿದ್ದ. ನಾನು ಓಡಿ ಬಂದು, ಚೀಲದಿಂದ ತಗಡಿನ ಪಟ್ಟಿ ಹುಡುಕುತ್ತ, ಬಾಗಿಲಿಗೆ ಭುಜ ಕೊಟ್ಟೆ ಅಷ್ಟೆ. ತೆರೆದುಕೊಂಡಿತು! ನಾನು ಒಳಗೆ ಮುಗ್ಗರಿಸಿದೆ, ಅಕ್ಕ ಹಿಂದೆ ಸರಿದು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಕ್ಕರಿಸಿದಳು, ಕೈಯಲ್ಲಿ ಇನ್ನೂ ಆ ಹಿಡಿ. ನೋಡುತ್ತೇನೆ, ಬೀಗದ ನಾಲಿಗೆ ಒಳಕ್ಕೆ ತಳ್ಳಿ, ಮತ್ತೆ ಹೊರಬರದ ಹಾಗೆ ಸಂದಿನಲ್ಲಿ ಅರ್ಧ ಬೆಂಕಿಕಡ್ಡಿ ಸಿಕ್ಕಿಸಿದೆ. ಎಂಥಾ ಅಚ್ಚುಕಟ್ಟು ಎಂದರೆ, ನಾನಾಗಿದ್ದರೆ ಬಣ್ಣ ಒಂದಿಷ್ಟು ಕೆರೆದುಹೋಗುತ್ತಿತ್ತು. ಇಲ್ಲಿ ಗೀರು ಕೂಡ ಇಲ್ಲ. ಬಾಗಿಲು ಒಳಮುಖವಾಗಿ ತೆರೆಯುವುದು. ಅಕ್ಕ ಬಡಿದಷ್ಟೂ ಮುಚ್ಚಿಕೊಂಡೇ ಇತ್ತು. ಕೈಯಲ್ಲಿ ಹಿಡಿ ಬಂದ ಮೇಲೆ ಎಳೆದು ನೋಡಬೇಕು ಎಂದು ಯಾರಿಗೆ ತೋಚುತ್ತದೆ?

ಚಿಲಕ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೈಕಟ್ಟಿ ತಲೆ ಬಗ್ಗಿಸಿ ಕೂತಿದ್ದಳು. ವಿಚಾರಣೆ ಶುರುವಾಯಿತು. ಅಕ್ಕ ಕೇಳಿದ್ದು, ಇವಳು ಹೇಳಿದ್ದು, ಒಂದಕ್ಷರ ಬಿಡದೆ ನನಗೆ ನೆನಪಿದೆ. "ಬಾಗಿಲು ತೆಗೆದಿದ್ದು ಯಾರೇ?" "ನಾನೇ ಅತ್ತೆ." "ಯಾವಾಗ?" "ಹತ್ತೂವರೆಗೆ." "ಈಗ ಎಷ್ಟು ಗಂಟೆ?" "ಹನ್ನೆರಡಾಗ್ತಾ ಬಂತು." "ಮತ್ತೆ ಹೇಳಬಾರದಿತ್ತೇನೇ ತೆಗೆದಿದ್ದೀನಿ ಅಂತ?" "ಏಳನೇ ಪಾಠ ಅತ್ತೆ. ಮಾಡಿದ ಕೆಲಸ ತಾನೇ ಹೇಳಿಕೊಳ್ಳಬಾರದು, ಮನೆ ತಂತಾನೇ ನಡೀತಿದೆ ಅನ್ನಿಸಬೇಕು." "ಅಲ್ಲಿಂದಲೇ ಒಂದು ಕೂಗು ಹಾಕಬಾರದಿತ್ತಾ?" "ಮೂರನೇದು. ಧ್ವನಿ ಎತ್ತಬಾರದು." "ಬಾಗಿಲ ಹತ್ರ ಬಂದು ಮೆಲ್ಲಗಾದರೂ ಹೇಳಬಾರದಿತ್ತಾ?" "ಬಂದೆ ಅತ್ತೆ, ಐದು ಸಲ ಬಂದೆ. ನೀವು ಮಾತಾಡ್ತಾ ಇದ್ರಿ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ನಾಲ್ಕನೇದು. ನಿಲ್ಲಿಸ್ತೀರೇನೋ ಅಂತ ಕಾದೆ." ತಲೆ ಇನ್ನಷ್ಟು ಬಗ್ಗಿಸಿ, "ನೀವು ನಿಲ್ಲಿಸಲಿಲ್ಲ" ಎಂದಳು.

ಐದು ಸಲ ಬಂದದ್ದು ಅಕ್ಕನಿಗೆ ಯಾಕೆ ಕೇಳಿಸಲಿಲ್ಲ ಎಂದು ನೀನು ಕೇಳಬೇಡ. ಅದು ಒಂದನೇ ಪಾಠ.

ನಿಜ ಹೇಳಲಾ? ಅವಳು ತಮಾಷೆ ಮಾಡಿದಳೋ, ಪರೀಕ್ಷೆಯ ಹೆದರಿಕೆಯಲ್ಲಿ ಹಾಗೇ ನಡೆದುಕೊಂಡಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಖ ನೋಡಿದೆ. ನಿನ್ನ ಮಗಳು, ಮುಖದಲ್ಲಿ ಏನು ಸಿಕ್ಕೀತು? ಆದರೆ ಸ್ಟೂಲಿನ ಕೆಳಗೆ ಒಂದು ಪಾದವನ್ನು ಇನ್ನೊಂದರಿಂದ ಒತ್ತಿ ಹಿಡಿದಿದ್ದಳು, ಅದನ್ನು ನೋಡಿದೆ. ಅಕ್ಕ ಏನೂ ಅನ್ನಲಿಲ್ಲ. ನಮ್ಮಕ್ಕ, ಏನೂ ಅನ್ನಲಿಲ್ಲ! ಮಧ್ಯಾಹ್ನ ಉಂಡಳು. ಕುರ್ಚಿಯಲ್ಲಿ ಕೂತು ಆ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಿಲಕ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು, ಹೊಲಿಗೆ ತರಗತಿಯ ದಾರದ ಉಂಡೆ ಕಣ್ಣಿಗೆ ಕಟ್ಟಿರಬೇಕು. ಹೋಗಿ ಏನಾದರೂ ಹೇಳೋಣ ಎಂದು ಬಾಗಿಲವರೆಗೆ ಹೋದೆ. ಏನು ಹೇಳಲಿ? ಕಲಿಸಿದವನು ನಾನು, ಕಲಿತದ್ದನ್ನು ಅವಳು ಮಾಡಿದಳು.

ಸಂಜೆ ಟೀ ಹೊತ್ತಿಗೆ ಅಕ್ಕ ಬಾಯಿ ಬಿಟ್ಟಳು. ಬೀರುವಿನ ಬಾಗಿಲ ಮುಂದೆ ನಿಂತು, ಕನ್ನಡಕ ಏರಿಸಿ, ನಿನ್ನ ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ಇದನ್ನೆಲ್ಲ ಇವಳಮ್ಮನಿಗೆ ಕಲಿಸಿದೋರು ಯಾರೋ?" ಎಂದು ಕೇಳಿದಳು. ಆಗ ನಾನು ಚಿಲಕನನ್ನೂ ಕರೆದು ಕೂರಿಸಿ ಆ ಕಥೆ ಹೇಳಿದೆ. ತಪ್ಪಿದ್ದರೆ ತಿದ್ದು.

ಒಬ್ಬಳು ಹುಡುಗಿ ಇದ್ದಳಂತೆ, ಹದಿಮೂರು ವರ್ಷ. ಅವಳ ಮನೆಯ ಪಡಸಾಲೆಗೆ ಮರದ ಹಲಗೆ ಹಾಸಿತ್ತಂತೆ, ಕಾಲಿಟ್ಟಲ್ಲೆಲ್ಲ ಕಿರ್ ಅನ್ನುವುದು. ತಾಯಿ ಬೆನ್ನು ತಿರುಗಿಸಿ ಬಟಾಣಿ ಸುಲಿಯುತ್ತ ಕೂರುವುದು, ಹುಡುಗಿ ಆ ತುದಿಯಿಂದ ಈ ತುದಿಗೆ ನಡೆಯುವುದು. ಕಿರ್ ಅಂದರೆ "ಮತ್ತೆ ಮೊದಲಿಂದ." ಒಂದು ಬುಟ್ಟಿ ಬಟಾಣಿ ಮುಗಿಯಿತು, ಹತ್ತು ಬುಟ್ಟಿ ಮುಗಿಯಿತು. ಹುಡುಗಿ ಯಾವ ಹಲಗೆ ಬಾಯಿಬಡುಕ, ಯಾವ ಹಲಗೆ ಮೂಗ ಎಂದು ಒಂದೊಂದಾಗಿ ಕಂಡುಕೊಂಡಳು. ಒಂದು ದಿನ ತಾಯಿ ಸುಲಿದು ಮುಗಿಸಿ ತಿರುಗಿ ನೋಡಿದರೆ ಹುಡುಗಿ ಬೆನ್ನಿಗೇ ನಿಂತಿದ್ದಾಳೆ! ಬಟಾಣಿಯೆಲ್ಲ ನೆಲದ ಪಾಲು. ಅಲ್ಲಿಂದ ಆ ಮನೆಗೆ ಗ್ರಹಚಾರ ಹಿಡಿಯಿತು. ತಂದೆ ಗಡ್ಡ ಹೆರೆಯುವಾಗ ಪಕ್ಕದಲ್ಲಿ "ಅಪ್ಪಾ" ಎಂದಳು, ಅರ್ಧ ಮೀಸೆ ಹೋಯಿತು. ನ್ಯಾಯವಾಗಿ ಇನ್ನರ್ಧವನ್ನೂ ತೆಗೆಯಬೇಕಾಯಿತು. ಹಾಲಿನ ಪಾತ್ರೆ ಎರಡು ಸಲ ಬಿತ್ತು. ಅತ್ತಿಗೆ ಗಂಡನ ಹತ್ತಿರ ಗುಟ್ಟು ಹೇಳುವುದನ್ನೇ ಬಿಟ್ಟಳು. ಕೊನೆಗೆ ತಾಯಿಯೇ ಸೋತು, ಹಳೇ ಕೀಲಿಗಳದೊಂದು ಗೊಂಚಲು ತಂದು ಮಗಳ ಸೊಂಟಕ್ಕೆ ಕಟ್ಟಿದಳು, ಬರುವುದು ಗೊತ್ತಾಗಲಿ ಎಂದು. ಹುಡುಗಿ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ನಡೆಯುವುದನ್ನು ಕಲಿತಳು.

ಹೀಗೇ ಆರು ವರ್ಷ. ಒಂದು ದಿನ ಬಟ್ಟೆ ಅಂಗಡಿಯ ಮಾಲೀಕ ಬಂದ. ಹೆಂಡತಿ ಸತ್ತವನು, ನಲವತ್ತು ದಾಟಿದವನು. ಹುಡುಗಿಯ ತಂದೆಯ ಎದುರು ಕೂತು ಟೀ ಕುಡಿಯುತ್ತ, "ನಿಮ್ಮ ಮಗಳು ಮನೇಲಿ ಇದ್ದಾಳೋ ಇಲ್ವೋ ಗೊತ್ತೇ ಆಗಲ್ಲ. ನನಗೆ ಅಂಥವಳೇ ಬೇಕು" ಎಂದ. ತಂದೆ ಹೂಂ ಅನ್ನಲು ಬಾಯಿ ತೆರೆದ. ಹುಡುಗಿ ಎಲ್ಲಿದ್ದಳು? ಮಾಲೀಕನ ಕುರ್ಚಿಯ ಹಿಂದೆಯೇ ಇದ್ದಳು! ಮುಷ್ಟಿ ಬಿಚ್ಚಿ, ಗೊಂಚಲನ್ನು ಎತ್ತಿ ನೆಲಕ್ಕೆ ಕುಕ್ಕಿ, "ಇದ್ದೀನಿ" ಎಂದಳಂತೆ. ಟೀ ಮಾಲೀಕನ ಹೊಸ ಅಂಗಿಯ ಮೇಲೆ, ಮಾಲೀಕ ಬೀದಿಯಲ್ಲಿ.

ಆ ಗೊಂಚಲಿನಲ್ಲಿ ಒಂದು ಕೀಲಿ ಬಾಗಿತು. ಅದನ್ನು ನೇರಮಾಡಿಸಲು ಮಾರನೇ ವಾರ ನೀನು ನನ್ನ ಅಂಗಡಿಗೆ ಬಂದೆ. ಬಂದದ್ದು ನನಗೆ ಗೊತ್ತೇ ಆಗಲಿಲ್ಲ, ಹಿಂದಿನಿಂದ ನೀನು "ರೀ" ಎಂದೆ, ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಆ ಉಗುರು ಇನ್ನೂ ಸೊಟ್ಟಗೇ ಇದೆ, ಇಬ್ಬರಿಗೂ ತೋರಿಸಿದೆ.

ಕಥೆ ಮುಗಿಯಿತು. ಅಕ್ಕ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ವಾರ್ಡಿಗೆ ನಾನು ಹೋಗ್ತಿದ್ದಾಗ ನನ್ನ ಬೂಟಿನ ಸದ್ದು ಕೇಳಿಯೇ ರೋಗಿಗಳು ಮುಲುಕೋದು ನಿಲ್ಲಿಸ್ತಿದ್ರು ಕಣೋ. ಬಂದಳಪ್ಪಾ ಒಬ್ಬಳು, ಇನ್ನು ಪರವಾಗಿಲ್ಲ ಅಂತ. ನಾನು ಇವತ್ತು ಒಂದೂಕಾಲು ಗಂಟೆ ಒಳಗೆ ಕೂತು ಕಾದಿದ್ದು ಒಂದು ಹೆಜ್ಜೆ ಸದ್ದಿಗೆ" ಎಂದಳು. ಚಿಲಕ ಬೇರೆ ಏನೂ ಕೇಳಲಿಲ್ಲ. "ಅಮ್ಮ ನಿಜವಾಗಿ 'ಇದ್ದೀನಿ' ಅಂದ್ಲಾ?" ಎಂದಳು. ಹೌದಂತೆ ಎಂದೆ. "ಎಷ್ಟು ಗಟ್ಟಿಯಾಗಿ?" ಎಂದಳು. ನಾನು ಅಲ್ಲಿರಲಿಲ್ಲವಲ್ಲ. ಅಮ್ಮನನ್ನೇ ಕೇಳು ಎಂದೆ.

ನಿನ್ನ ಪಾಠ ತಪ್ಪು ಎಂದು ನಾನು ಹೇಳುವುದಿಲ್ಲ. ಆ ನಡಿಗೆ ಕಲಿತದ್ದರಿಂದಲೇ ನಿನಗೆ ಅವತ್ತಿನ ಮಾತು ಕಿವಿಗೆ ಬಿತ್ತು, ಅದರಿಂದಲೇ ನೀನು ಉಳಿದೆ, ನಾನು ಬದುಕಿದೆ. ನಿನ್ನನ್ನು ಕಾಪಾಡಿದ್ದನ್ನೇ ಮಗಳ ಕೈಗೂ ಕೊಟ್ಟು ಕಳಿಸೋಣ ಎಂದು ನಿನಗೆ ಅನ್ನಿಸಿದ್ದು ಸಹಜ. ಆದರೆ ಹಾಗೆ ಯೋಚಿಸಿದರೆ, ಇವಳೇ, ನಿನ್ನನ್ನು ಉಳಿಸಿದ್ದು ಆರು ವರ್ಷದ ನಡಿಗೆಯೋ, ಆ ಒಂದು ಕುಕ್ಕೋ? ನನಗೆ ತಿಳಿಯದು. ನಾನು ಬೀಗದವನು.

ನಿನ್ನೆ ಬೆಳಗ್ಗೆ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಏಳೂವರೆಗೆ ನನಗೆ ಎಚ್ಚರವಾದದ್ದು ಧಡಧಡ ಸದ್ದಿಗೆ. ಕಳ್ಳರು ಎಂದುಕೊಂಡೆ, ಅಲ್ಲ, ಚಿಲಕ ಅಟ್ಟದಿಂದ ಇಳಿಯುತ್ತಿದ್ದಳು. ನಿನ್ನ ಹಳೇ ಟ್ರಂಕಿನ ತಳದಿಂದ ಆ ಗೊಂಚಲು ಹುಡುಕಿ ತಂದು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಅಕ್ಕ ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬಾರೇ, ಎಷ್ಟೊತ್ತು?" ಎಂದು ಇಡೀ ಬೀದಿಗೆ ಕೇಳಿಸುವ ಹಾಗೆ ಕರೆಯುತ್ತಿದ್ದಳು. ಇಬ್ಬರೂ ಕೈಕಸುಬಿನ ಶಾಲೆಗೆ ಹೊರಟರು. ಅಕ್ಕನ ಬೂಟು ಟಕಟಕ, ಇವಳ ಗೊಂಚಲು ಝಲ್ ಝಲ್. ತಿರುವು ದಾಟಿದ ಮೇಲೂ ನನಗೆ ಕೇಳಿಸುತ್ತಲೇ ಇತ್ತು. ಕಚೇರಿಯ ಗುಮಾಸ್ತ, "ಬೀಗದ ವಿಭಾಗಕ್ಕೆ ಹುಡುಗಿಯಾ? ಅಂಥವರು ಯಾರೂ ಬಂದೇ ಇಲ್ಲವಲ್ಲ" ಎಂದನಂತೆ. ನಿನ್ನ ಮಗಳು ಗೊಂಚಲು ಬಿಚ್ಚಿ ಅವನ ಮೇಜಿನ ಮೇಲೆ ಕುಕ್ಕಿದಳಂತೆ. ಏನಂದಳು ಎಂದು ನಾನು ಬರೆಯುವುದಿಲ್ಲ. ನಿನಗೆ ಗೊತ್ತು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಕಥೆ ಬಯಲಾಯಿತು ಎಂದೂ ಹೇಳು, ಬೈದರೆ ಅರ್ಧ ಪಾಲು ನನಗೆ ಎತ್ತಿಡು. ಅಕ್ಕ ನಿನ್ನನ್ನು ಕೇಳಿದ್ದಾಳೆ. ದರ್ಜಿ ದಿನಾ ನೀನು ಯಾವಾಗ ಬರುತ್ತೀ ಎಂದು ಕೇಳುತ್ತಾನೆ, ನಮ್ಮ ಮನೆ ಹೀಗೇ ನಡೆದರೆ ತನ್ನ ಕೆಲಸ ಸಾಗುವುದಿಲ್ಲವಂತೆ. ಬಿಸಿ ಇರುವಾಗಲೇ ಊಟ ಮಾಡು.

ನಿನ್ನ
ರೀ

ಬರೆಯಲು ಮರೆತದ್ದು: ಈ ಕಾಗದ ತರುವ ಬಸ್ಸು ಹೊರಡುತ್ತಿದೆ, ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಜೊತೆಗೆ ಅರ್ಜಿ ಇದೆ, ಕೊನೇ ದಿನ ಶುಕ್ರವಾರ. ಅಕ್ಕ ಮೇಲುಗಡೆ ಕೆಂಪು ಶಾಯಿಯಲ್ಲಿ 'ಆಯ್ತು' ಎಂದು ಬರೆದಿದ್ದಾಳೆ, ನನ್ನ ಸಹಿ ಆಗಿದೆ, ನಿನ್ನದು ಬೇಕು. ಡ್ರೈವರ್ ಗುರುವಾರ ಬೆಳಗ್ಗೆ ನಿಮ್ಮ ಬಾಗಿಲಿಗೆ ಬಂದು ವಾಪಸು ತೆಗೆದುಕೊಳ್ಳುತ್ತಾನೆ. ಬಚ್ಚಲ ಬಾಗಿಲು ರಿಪೇರಿಯಾಯಿತು, ಚಿಲಕನೇ ಮಾಡಿದಳು, ಮಾಡಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಇನ್ನೊಂದು. ನೀನು ಊರಿಂದ ಬರುವ ದಿನ ದಯವಿಟ್ಟು ಮೆಟ್ಟಿಲ ಮೇಲೆ ಕಾಲು ಕುಕ್ಕಿಕೊಂಡು ಬಾ. ಹದಿನೇಳು ವರ್ಷ ಆಯಿತು, ನೀನು ಮನೆಗೆ ಬಂದ ಸದ್ದನ್ನು ನಾನು ಒಂದು ಸಲವೂ ಕೇಳಿಲ್ಲ.